ಗದ್ದೆಯಿಂದ ಬಂದ ಸೆಂಟರ್ ಫಾರ್ವರ್ಡ್

ಫುಟ್‌ಬಾಲಿನ ವಿಷಯ ಹೆಂಗಸಿಗೇನು ಗೊತ್ತು ಅನ್ನುವವರು ಈ ಪುಟವನ್ನು ಇಲ್ಲಿಗೇ ಮುಚ್ಚಿಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು. ನನಗೇನೂ ಬೇಸರವಿಲ್ಲ. ಮಹಾರಾಜರ ಕಾಲದಲ್ಲಿ ನಾನು ಹುಣಸೂರಿಗೆ ಸೊಸೆಯಾಗಿ ಬಂದದ್ದೇ ಒಬ್ಬ ಸೆಂಟರ್ ಫಾರ್ವರ್ಡಿನ ಹೆಂಡತಿಯಾಗಿ. ಬಂದ ಮೊದಲ ವಾರವೇ ಆಫ್‌ಸೈಡ್ ಅಂದರೇನು ಅಂತ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಎಸಳು ಜೋಡಿಸಿ ನನಗೆ ಪಾಠವಾಗಿತ್ತು. ಆಮೇಲೆ ಆ ಎಸಳುಗಳನ್ನೇ ಜಜ್ಜಿ ಒಗ್ಗರಣೆಗೆ ಹಾಕಿದೆ. ಪಾಠ ಮಾತ್ರ ತಲೆಯಲ್ಲಿ ಉಳಿಯಿತು.

ನಮ್ಮವರು ಮರದ ಡಿಪೋದಲ್ಲಿ ಕೆಲಸಕ್ಕಿದ್ದರು. ಹೆಗ್ಗಡದೇವನಕೋಟೆ ಕಡೆಯ ಕಾಡಿನಿಂದ ಎತ್ತಿನ ಗಾಡಿಗಳ ಮೇಲೆ ದಿಮ್ಮಿಗಳು ಬರುತ್ತಿದ್ದವು. ಅವನ್ನು ಇಳಿಸಬೇಕು, ಹಾರೆ ಹಾಕಿ ಉರುಳಿಸಬೇಕು, ಅಟ್ಟಿ ಜೋಡಿಸಬೇಕು. ಕಾಲು ಗಟ್ಟಿಯಿದ್ದವನಿಗೆ ಅನ್ನ, ಇಲ್ಲದವನಿಗೆ ಇಲ್ಲ. ಡಿಪೋದ ಮೇಸ್ತ್ರಿಯೇ ಊರಿನ ತಂಡವನ್ನು ಕಟ್ಟಿದ್ದವರು. ಹಗಲು ದಿಮ್ಮಿ ಉರುಳಿಸಿದವರೇ ಸಂಜೆ ಹೊಳೆ ಪಕ್ಕದ ಬಯಲಿನಲ್ಲಿ ಚೆಂಡು ಉರುಳಿಸುತ್ತಿದ್ದರು. ಚರ್ಮದ ಚೆಂಡಿಗೆ ಗಾಳಿ ತುಂಬುವುದು, ಕೊಬ್ಬು ಸವರುವುದು, ರಾತ್ರಿ ಜೋಪಾನವಾಗಿ ಇಡುವುದು ನಮ್ಮವರ ಪಾಲಿಗಿತ್ತು. ಹಾಗಾಗಿ ಚೆಂಡು ನಮ್ಮ ಮನೆಯಲ್ಲೇ ಇರುತ್ತಿತ್ತು. ನಮ್ಮತ್ತೆ ಅದನ್ನು ದೇವರ ಗೂಡಿನ ಹತ್ತಿರ ಮಾತ್ರ ಬಿಡುತ್ತಿರಲಿಲ್ಲ.

ಹುಣಸೂರಿಗೆ ಬೂಟಿನ ಹುಚ್ಚು. ಹಿಂದೆ ಅಲ್ಲಿ ದೊಡ್ಡ ಚರ್ಮದ ಕಾರ್ಖಾನೆ ಇತ್ತಂತೆ, ಪಲ್ಟನ್ನಿನ ಸಿಪಾಯಿಗಳಿಗೆ ಅಲ್ಲಿಂದಲೇ ಬೂಟು ಹೋಗುತ್ತಿತ್ತಂತೆ. ಕಾರ್ಖಾನೆ ಹೋಗಿ ಯಾವ ಕಾಲವಾಗಿದ್ದರೂ ಆ ಜಂಬ ಹೋಗಿರಲಿಲ್ಲ. ಸುತ್ತಮುತ್ತಲ ಊರಿನವರೆಲ್ಲ ಬರಿಗಾಲಲ್ಲಿ ಆಡಿದರೆ ನಮ್ಮೂರಿನ ತಂಡಕ್ಕೆ ಬೂಟು ಬೇಕೇ ಬೇಕು. ಹನ್ನೊಂದು ಜನಕ್ಕೂ ಬೂಟು ಹೊಲಿಸುವ ಶಕ್ತಿ ಇರಲಿಲ್ಲ, ಇದ್ದದ್ದು ಒಂದೇ ಜೊತೆ, ಅದು ಸೆಂಟರ್ ಫಾರ್ವರ್ಡಿನ ಕಾಲಿಗೆ ಇರಲೇಬೇಕು. ಮದುಮಗನಿಗೆ ಪೇಟ ಹೇಗೋ ಹಾಗೆ. ನಮ್ಮವರು ಬೂಟಿನ ಗಟ್ಟಿ ತುದಿಯಿಂದ ಚೆಂಡಿನ ಹೊಟ್ಟೆಗೆ ಒಂದು ಹಾಕಿದರೆ ಗೋಲಿ ಕೈ ಎತ್ತುವ ಹೊತ್ತಿಗೆ ಚೆಂಡು ಹಿಂದಿನ ಬೇಲಿಯಲ್ಲಿರುತ್ತಿತ್ತು. ಊರಿನವರು ಅವರನ್ನು ಹುಲಿ ಅನ್ನುತ್ತಿದ್ದರು. ನಾನು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಒಳಗೊಳಗೇ ಉಬ್ಬಿ ಹೋಗುತ್ತಿದ್ದೆ.

ಆ ಹುಲಿಯ ಬಲಮಂಡಿ ಸುತ್ತಲ ಊರುಗಳ ಷೀಲ್ಡಿಗಾಗಿ ಪಿರಿಯಾಪಟ್ಟಣದ ಮೇಲೆ ಆಡಿದ ಸೆಮಿಫೈನಲ್ ಆಟದಲ್ಲಿ ತಿರುಚಿಕೊಂಡಿತು. ಊರು ಮಾತ್ರ ಫೈನಲ್ ತಲುಪಿತು. ಮಡಕೆಯಂತೆ ಊದಿದ ಮಂಡಿಯನ್ನು ಗಾಡಿಯಲ್ಲಿ ಹುಲ್ಲಿನ ಮೇಲಿಟ್ಟುಕೊಂಡು ಅಲ್ಲೇ ಹತ್ತಿರದ ಹಳ್ಳಿಯಲ್ಲಿದ್ದ ಮೂಳೆ ಕಟ್ಟುವ ಮುದುಕರ ಹತ್ತಿರ ಹೋದೆವು. ಮುದುಕರು ಎಣ್ಣೆ ಹಚ್ಚಿ, ಬೆರಳಲ್ಲಿ ಒತ್ತಿ ನೋಡಿ, ಬಿದಿರಿನ ದಬ್ಬೆ ಕಟ್ಟಿದರು. ನಮ್ಮವರನ್ನು ನೋಡದೆ ನನ್ನನ್ನು ನೋಡಿ ಹೇಳಿದರು:

"ನೋಡವ್ವ, ಈ ಸಲ ಕೂಡ್ಕತದೆ. ಇನ್ನೊಂದ್ ಕಿತ ಇಂಗೇ ತಿರುಚ್ಕಂಡ್ರೆ ಕಾಲು ಮಡ್ಚಕ್ಕಾಗ್ದೆ ಕೋಲಾಯ್ತದೆ. ಆಮೇಲೆ ನನ್ ತಾವ ಬರಬ್ಯಾಡಿ."

ದಾರಿಯುದ್ದಕ್ಕೂ ನಾನು ಅತ್ತೆ. ಅಳುತ್ತಲೇ ಬೈದೆ ಕೂಡ. ಕಾಲು ಕೋಲಾದರೆ ಡಿಪೋದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ನಮ್ಮತ್ತೆಗೆ ಕಣ್ಣು ಕಾಣುತ್ತಿರಲಿಲ್ಲ, ನನ್ನ ಹೊಟ್ಟೆಯಲ್ಲಿ ಮೊದಲನೆಯ ಕೂಸು. ನಮ್ಮವರು ಗಾಡಿಯ ಮೇಲೆ ಮಲಗಿ ಆಕಾಶ ನೋಡುತ್ತಿದ್ದವರು ಕಡೆಗೆ ಒಂದು ಮಾತು ಅಂದರು.

"ಆಡಾಕಿಲ್ಲ ಬುಡು. ಆದ್ರೆ ನನ್ ಜಾಗಕ್ಕೆ ಸರ್ಯಾದವ್ನು ಸಿಕ್ಬೇಕು. ಸಿಕ್ಲಿಲ್ಲ ಅಂದ್ರೆ ನಾನೇ ಇಳೀತೀನಿ. ಊರ್ನ ಬುಟ್ಟು ಕೂರಕ್ಕಾಗಕಿಲ್ಲ."

ಅರ್ಧ ಮಾತಿಗೆ ಜೀವ ಬಂತು, ಇನ್ನರ್ಧಕ್ಕೆ ಹೋಯಿತು. ಅವತ್ತಿನಿಂದ ಹೊಸ ಸೆಂಟರ್ ಫಾರ್ವರ್ಡ್ ಬೇಕು ಅಂತ ಹುಣಸೂರಿನಲ್ಲಿ ನನ್ನಷ್ಟು ಹಂಬಲಿಸಿದವರು ಇನ್ನೊಬ್ಬರಿರಲಿಲ್ಲ. ಊರಿಗೆ ಷೀಲ್ಡ್ ಬೇಕಾಗಿತ್ತು. ನನಗೆ ಗಂಡನ ಕಾಲು ಬೇಕಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಮಂಡಿ ಸ್ವಲ್ಪ ಬಾಗುವಂತಾಯಿತು. ನಮ್ಮವರು ಗಾಡಿಗಳ ಜೊತೆ ಕೃಷ್ಣರಾಜನಗರಕ್ಕೆ ಹೋದರು. ಅಲ್ಲಿ ಹೊಸ ಊರು ಏಳುತ್ತಿದ್ದ ಕಾಲ, ತೊಲೆ ಜಂತೆಗೆ ನಮ್ಮ ಡಿಪೋದಿಂದ ಮರ ಹೋಗುತ್ತಿತ್ತು. ವಾಪಸು ಬರುವಾಗ ಒಂದು ಹಳ್ಳಿಯ ಪಕ್ಕ, ಕೊಯ್ಲಾದ ಗದ್ದೆಯಲ್ಲಿ ಹುಡುಗರು ಹುಲ್ಲು ತುಂಬಿದ ಬಟ್ಟೆಯ ಚೆಂಡು ಒದೆಯುತ್ತಿದ್ದರಂತೆ. ನಮ್ಮವರು ಗಾಡಿ ನಿಲ್ಲಿಸಿ ನೋಡಿದರಂತೆ. ಗಾಡಿಯವರು ಕರೆದರೂ ಹೊರಡಲಿಲ್ಲವಂತೆ. ಕೊನೆಗೆ ಆ ಹುಡುಗರಲ್ಲಿ ಒಬ್ಬನ ಮನೆಗೆ ಹೋಗಿ, ಅವನ ಅಪ್ಪನ ಹತ್ತಿರ ಕೂತು ಮಾತಾಡಿ, ಹುಡುಗನನ್ನು ಗಾಡಿಗೆ ಹತ್ತಿಸಿಕೊಂಡೇ ಬಂದರು. ನೀರಾವರಿ ಗದ್ದೆಯಿದ್ದ ಮನೆ. ನಾಲ್ಕು ಜನ ಅಣ್ಣಂದಿರು ಗೇಯುವುದಕ್ಕಿದ್ದರು. ಕಿರಿಯವನು ಡಿಪೋದಲ್ಲಿ ನಾಲ್ಕು ದಿನ ದುಡಿದು ನೋಡಲಿ ಅಂತ ಅಪ್ಪ ಒಪ್ಪಿದರಂತೆ.

ಹುಡುಗ ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಂತ. ಮೀಸೆ ಆಗತಾನೇ ಚಿಗುರುತ್ತಿತ್ತು. ಕಡ್ಡಿಯಂಥ ಕಾಲು, ಉದ್ದ ಕತ್ತು. ಇವನೋ ನನ್ನ ಗಂಡನ ಜಾಗಕ್ಕೆ? ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಜಾಗ ಬಿಡಬೇಕು ಅಂತ ಹಗಲಿರುಳು ಬೇಡಿಕೊಂಡವಳೂ ನಾನೇ, ಬಿಟ್ಟುಕೊಡುವಾಗ ಉರಿದುಕೊಂಡವಳೂ ನಾನೇ. ಆದರೂ ಮುದ್ದೆ ಬಡಿಸಿದೆ. ಹುಡುಗ ತಲೆ ತಗ್ಗಿಸಿಕೊಂಡು ಮೂರು ಮುದ್ದೆ ತಿಂದು, "ಅತ್ಗೆ, ವಸಿ ಸಾರು" ಅಂದ. ಆ "ಅತ್ಗೆ" ಅನ್ನುವುದರಲ್ಲೇ ಅರ್ಧ ಸೋತುಹೋದೆ ಅನ್ನಿ.

ನಮ್ಮ ಮನೆಯ ಎದುರಿಗೆ ಒಬ್ಬ ದರ್ಜಿಯ ಅಂಗಡಿ. ಊರಿನ ಆಟದ ಮಾತೆಲ್ಲ ಅಲ್ಲಿ ಹೊಲಿದು, ಬಿಚ್ಚಿ, ಮತ್ತೆ ಹೊಲಿಯಲಾಗುತ್ತಿತ್ತು. ಗಾಡಿಯವರು, ಡಿಪೋದವರು, ಕೆಲಸವಿಲ್ಲದವರು ಎಲ್ಲರೂ ಅಲ್ಲೇ. ನಾನು ಬಾಗಿಲ ಹಿಂದೆ ರಾಗಿ ಕೇರುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

"ಇದೇನ್ಲಾ ಇದು, ಗದ್ದೆಕೊಕ್ಕರೆ ಇಡ್ಕಂಬಂದವ್ನೆ!" ಅಂದ ದರ್ಜಿ. ಅಲ್ಲಿಂದ ಹುಡುಗನಿಗೆ ಗದ್ದೆಕೊಕ್ಕರೆ ಅನ್ನುವುದೇ ಹೆಸರಾಯಿತು.

"ಉಲಿ ಯಾರ್ನೋ ಸುಮ್‌ಸುಮ್ಕೆ ತರಾಕಿಲ್ಲ ಕಣ. ಏನೋ ಕಂಡಿರ್ತಾನೆ," ಅಂದ ಒಬ್ಬ ಗಾಡಿಯವನು.

"ಏನ್ ಕಂಡ್ನಪ್ಪ? ಫೈನಲ್ ಮ್ಯಾಚು ಯಾರ್ ಮ್ಯಾಲೆ? ಕೆ.ಆರ್. ನಗರದ ಮ್ಯಾಲೆ. ಇವ್ನು ಯಾವ್ ಕಡೆಯೋನು? ಅದೇ ಕಡೆಯೋನು! ತನ್ನೋರ್ ಮ್ಯಾಲೆ ಗೋಲ್ ಒಡ್ದಾನಾ ಇವ್ನು?"

ಕೂತವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು. ನನಗೂ ಆ ಮಾತು ಮುಳ್ಳಿನಂತೆ ಚುಚ್ಚಿತು. ಸಂಜೆ ಹುಡುಗ ಕೈಕಾಲು ತೊಳೆಯುವಾಗ ನೇರವಾಗಿ ಕೇಳಿಯೇಬಿಟ್ಟೆ. ಅವನು ಚೊಂಬು ಕೆಳಗಿಟ್ಟ.

"ಕೆ.ಆರ್. ನಗರದೋರು ನನ್ನ ಕಣ್ಣೆತ್ತಿ ನೋಡ್ಲಿಲ್ಲ ಅತ್ಗೆ. ಅಳ್ಳಿಯಿಂದ ನಡ್ಕಂಡೋಗಿ ಬೇಲಿ ತಾವ ನಿಂತ್ಕಂಡ್ರೆ ಚೆಂಡು ಎತ್ಕೊಡೋಕೆ ಕರ್ದ್ರು. ಅಣ್ಣ ಗಾಡಿ ನಿಲ್ಸಿ ನೋಡ್ದ್ರು. ನಂಗೆ ಅಷ್ಟೇ ಗೊತ್ತು."

ಅಲ್ಲಿಗೆ ನನ್ನ ಅನುಮಾನ ತೀರಿತು. ಇನ್ನು ಆಟ ನೋಡಬೇಕಾಗಿತ್ತು. ಅದನ್ನೂ ನಮ್ಮ ಹಿತ್ತಲಲ್ಲೇ ನೋಡಿದೆ. ನಮ್ಮವರು ಇಲ್ಲದ ಹೊತ್ತಿನಲ್ಲಿ ಹುಡುಗ ಚೆಂಡು ತಂದು ಹಿತ್ತಲಿನಲ್ಲಿ ಕಾಲಿನ ಮೇಲೆ ಕುಣಿಸುತ್ತಿದ್ದ. ಬರಿಗಾಲು. ಕೆಸರಿನಲ್ಲಿ ಬೆಳೆದ ಅಗಲವಾದ ಪಾದ, ಬೆರಳುಗಳೆಲ್ಲ ಬಿಡಿಬಿಡಿ. ಆ ಬೆರಳುಗಳಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದ ಹಾಗೆ ಹಿಡಿಯುತ್ತಿದ್ದ. ಪಾದದ ಮೇಲ್ಭಾಗದಿಂದ ಮೆಲ್ಲಗೆ ತಟ್ಟಿದರೆ ಚೆಂಡು ಸುತ್ತಿ ಬಳಸಿ ಹೇಳಿದ ಕಡೆಗೆ ಹೋಗುತ್ತಿತ್ತು. ನನಗೆ ತಮಾಷೆ ಅನ್ನಿಸಿತು.

"ಬೇಲಿ ಗೂಟದ ಮೇಲೆ ಮಡಕೆ ಬೋರಲಾಕಿದೀನಲ್ಲ, ಅದುಕ್ ಒಡಿ ನೋಡಾನ," ಅಂದೆ.

"ಒಡ್ದೋಯ್ತದೆ ಅತ್ಗೆ."

"ಓಹೋಹೋ! ಮೊದ್ಲು ತಾಗ್ಸು ಕಂಡಿದೀನಿ!"

ಚೆಂಡು ನೇರವಾಗಿ ಹೋಗಲಿಲ್ಲ. ನಡುವೆ ನಿಂತಿದ್ದ ಹಸುವನ್ನು ಬಳಸಿಕೊಂಡು ಹೋಗಿ ಮಡಕೆಗೆ ಬಡಿಯಿತು. ಮಡಕೆ ಚೂರುಚೂರಾಯಿತು. ಮೊಸರಿನ ಮಡಕೆ ಅದು, ಹದವಾಗಿ ಪಳಗಿದ್ದು. ಬೇರೆ ಯಾರಾದರೂ ಆಗಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದೆ. ಅವತ್ತು ಹಿತ್ತಲಲ್ಲಿ ಒಬ್ಬಳೇ ನಿಂತು ಹುಚ್ಚಿಯಂತೆ ನಕ್ಕೆ. ಗೆದ್ದೆವು ಅಂದುಕೊಂಡೆ. ಷೀಲ್ಡ್ ನಮ್ಮದು, ಕಾಲು ನಮ್ಮದು. ಅವತ್ತಿನಿಂದ ದರ್ಜಿ ಏನು ಬೊಗಳಿದರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಹಾಳಾದದ್ದು ಬೂಟಿನಿಂದ. ಮೇಸ್ತ್ರಿ ಹುಡುಗನನ್ನು ತಂಡಕ್ಕೆ ಸೇರಿಸಿಕೊಂಡ ದಿನ ನಮ್ಮವರು ಡಿಪೋದಲ್ಲಿ ಎಲ್ಲರ ಎದುರಿಗೆ ತಮ್ಮ ಬೂಟನ್ನೇ ಅವನ ಕೈಗಿಟ್ಟರಂತೆ. ಹಿಂದಿನ ವರ್ಷ ತಾನೇ ಹೊಲಿಸಿದ್ದು. "ಇವತ್ತಿಂದ ನನ್ ಜಾಗ ಇವುಂದು" ಅಂದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಕೇಳಿ ನನಗೆ ಕಣ್ಣು ತುಂಬಿತು. ಆದರೆ ಆ ಬೂಟಿಗೂ ಆ ಪಾದಕ್ಕೂ ಹೊಂದಿಕೆಯಾಗಲು ಸಾಧ್ಯವಿತ್ತೇ? ಹುಡುಗ ಬೆರಳುಗಳನ್ನು ಒತ್ತಿ ಒತ್ತಿ ತುರುಕಬೇಕಾಗಿತ್ತು. ಮೊದಲ ದಿನವೇ ಹಿಮ್ಮಡಿ ಸುಲಿದುಕೊಂಡು ಬಂದ. ಹರಳೆಣ್ಣೆ ಹಚ್ಚಿದೆ.

ಬೂಟು ಹಾಕಿದ ಹುಡುಗ ಬೇರೆಯೇ ಹುಡುಗ. ಚೆಂಡು ಕಾಲಿಗೆ ಬಂದರೆ ಕಲ್ಲಿಗೆ ತಾಗಿದಂತೆ ಪುಟಿದು ಹೋಗುತ್ತಿತ್ತು. ಎಡಕ್ಕೆ ಅಂತ ಒದ್ದರೆ ಬಲಕ್ಕೆ. ಒಂದು ಸಂಜೆ ಖಾಲಿ ಗೋಲಿನ ಎದುರು ನಿಂತು ಒದ್ದದ್ದು ಹೊಳೆಗೇ ಹೋಯಿತಂತೆ. ಎದುರಂಗಡಿಯಲ್ಲಿ ದರ್ಜಿಗೆ ಹಬ್ಬ.

"ಕೊಕ್ಕರೆ ಮೀನ್ ಇಡಿಯಕ್ಕೆ ಚೆಂಡು ಒಳೆಗೆ ಬುಡ್ತು ಕಣ್ರಪ್ಪ!"

ನಾನು ಬಾಗಿಲು ತೆಗೆದು ಹೊರಗೆ ಬಂದೆ. ಬಸುರಿ ಹೆಂಗಸು ಬೀದಿಯಲ್ಲಿ ಜಗಳಕ್ಕೆ ನಿಲ್ಲಬಾರದು ಅಂತ ನಮ್ಮತ್ತೆ ಒಳಗಿಂದ ಕೂಗುತ್ತಿದ್ದರು. ನಿಂತೆ.

"ನಿಮ್ ಕತ್ರಿಗೆ ಇರೋ ಕೆಲ್ಸ ನೋಡ್ಕಳಿ. ನಮ್ ಉಡ್ಗ ಫೈನಲ್ ದಿನ ಗೋಲ್ ಒಡೀಲಿಲ್ಲ ಅಂದ್ರೆ ನನ್ ಎಸ್ರು ಬದಲಾಯ್ಸಿ!"

"ಅಯ್ಯೋ ತಾಯಿ, ನಿಮ್ ಬಾಯಿಗೆ ಅದ್ರಕಂಡೇ ಒಡೀತಾನೆ ಬುಡಿ," ಅಂತ ಅವನು ಕೈ ಮುಗಿದ. ಅಂಗಡಿ ತುಂಬ ನಗು. ನಗಲಿ. ಮಡಕೆ ಒಡೆದದ್ದನ್ನು ನೋಡಿದ್ದು ಅವರಲ್ಲ, ನಾನು.

ಅದೇ ರಾತ್ರಿ ಊಟಕ್ಕೆ ಬಡಿಸುತ್ತಾ ನಮ್ಮವರಿಗೆ ಹೇಳಿದೆ. "ಅವ್ನ ಕಾಲ್ಗೆ ಆ ಬೂಟು ಬ್ಯಾಡ ಕಣ್ರೀ. ಬರಿಗಾಲಲ್ಲಿ ಬುಡಿ. ಆಮೇಲ್ ನೋಡಿ."

ನಮ್ಮವರ ತುತ್ತು ಅಲ್ಲೇ ನಿಂತಿತು. "ಉಣ್ಸೂರ್ ಸೆಂಟ್ರು ಬರಿಗಾಲಲ್ಲಿ ಇಳೀತಾನಾ? ನಾಲ್ಕೂರ್ ಜನ ನಗಾಕಿಲ್ವಾ? ನನ್ ಕೈಯಾರೆ ಕೊಟ್ಟಿವ್ನಿ, ನಾನೇ ಬಿಚ್ಸು ಅನ್ಲಾ?"

ಹುಡುಗನಿಗೆ ಹೇಳಿದರೆ ಅವನು ಎರಡು ಕಿವಿಯನ್ನೂ ಮುಟ್ಟಿಕೊಂಡ. "ಅಣ್ಣ ಕೊಟ್ಟವ್ರೆ ಅತ್ಗೆ. ಬ್ಯಾಡ ಅನ್ನಕಾಯ್ತದಾ? ನಂದೇ ಐಬು. ಅಭ್ಯಾಸ ಮಾಡ್ಕತೀನಿ." ಇಬ್ಬರ ಮರ್ಯಾದೆಯ ನಡುವೆ ಸಿಕ್ಕಿಕೊಂಡು ಒಂದು ಒಳ್ಳೆಯ ಕಾಲು ಹಾಳಾಗುತ್ತಿತ್ತು. ಇನ್ನೊಂದು ಹಾಳಾಗಲು ಕಾಯುತ್ತಿತ್ತು. ದರ್ಜಿಯ ಅಂಗಡಿಯಲ್ಲಿ ಆಗಲೇ "ಉಲೀನೇ ಇಳೀಲಿ" ಅನ್ನುವ ಮಾತು ಶುರುವಾಗಿತ್ತು. ನಮ್ಮವರು ಅದನ್ನು ಕೇಳಿಸಿಕೊಂಡು ಬಂದು ಮಂಡಿಗೆ ಪಟ್ಟಿ ಸುತ್ತಿ ಬಿಚ್ಚಿ ನೋಡಿಕೊಳ್ಳುತ್ತಿದ್ದರು. ಅವರ ಮುಖ ನೋಡಿದರೆ ನನಗೆ ಗೊತ್ತಾಗುತ್ತಿರಲಿಲ್ಲವೇ? ಆಡುವ ಆಸೆ ಉಕ್ಕುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಫೈನಲ್. ಬಯಲಿನ ತುಂಬ ಜನ. ಕೆ.ಆರ್. ನಗರದವರು ಗಾಡಿ ಕಟ್ಟಿಕೊಂಡು ಬಂದಿದ್ದರು. ಕಡಲೆಪುರಿಯವರು, ಕಬ್ಬಿನವರು, ಗಲಾಟೆಯೋ ಗಲಾಟೆ. ಹೆಂಗಸರು ಹೊಳೆಯ ಕಡೆಯ ಹೊಂಗೆಮರದ ಕೆಳಗೆ ನಿಲ್ಲಿಸಿದ್ದ ಗಾಡಿಗಳ ಮೇಲೆ ಕೂತಿದ್ದೆವು. ಹಿಂದೆ ಲಕ್ಷ್ಮಣತೀರ್ಥದ ಮಡು. ಬೇಸಗೆ ಬರುತ್ತಿದ್ದರೂ ಆ ಮಡುವಿನಲ್ಲಿ ಆಳುದ್ದ ನೀರು ನಿಂತಿರುತ್ತಿತ್ತು. ನಮ್ಮವರು ಗೆರೆಯ ಹತ್ತಿರ ಕೋಲೂರಿಕೊಂಡು ನಿಂತಿದ್ದರು. ಪಂಚೆಯ ಒಳಗೆ ಚಡ್ಡಿ ಹಾಕಿಕೊಂಡು ಬಂದಿದ್ದಾರೆ ಅನ್ನುವುದು ನನಗೊಬ್ಬಳಿಗೆ ಗೊತ್ತಿತ್ತು. ನನ್ನ ಹೊಟ್ಟೆಯೊಳಗೆ ಕೂಸು ಒಂದೇ ಸಮನೆ ಒದೆಯುತ್ತಿತ್ತು. ಅದಕ್ಕೂ ಫುಟ್‌ಬಾಲಿನ ಹುಚ್ಚು ಹಿಡಿದಿದೆ ಅಂತ ಪಕ್ಕದವಳು ನಕ್ಕಳು.

ಮೊದಲ ಅರ್ಧ ನೋಡುವಂತಿರಲಿಲ್ಲ. ಕೆ.ಆರ್. ನಗರದವರು ಒಂದು ಗೋಲು ಹೊಡೆದರು. ನಮ್ಮ ಹುಡುಗನ ಕಾಲಿಗೆ ಮೂರು ಒಳ್ಳೆಯ ಚೆಂಡು ಬಂದವು. ಒಂದು ಪುಟಿದು ಹೋಯಿತು. ಒಂದನ್ನು ಒದೆಯಲು ಹೋಗಿ ಬೂಟಿನ ತುದಿ ನೆಲಕ್ಕೆ ಸಿಕ್ಕಿ ಮುಗ್ಗರಿಸಿದ. ಮೂರನೆಯದು ಗೋಲಿಯ ಕೈಗೇ ತಾಂಬೂಲ ಕೊಟ್ಟಂತೆ ಹೋಯಿತು.

"ಬೇಕಂತ್ಲೇ ಮಾಡ್ತಾವ್ನೆ!" ಅಂತ ಯಾರೋ ಕಿರುಚಿದರು. "ಅವ್ರ್ ಕಡೆಯೋನು ಕಣ್ರೋ! ಓಗಲೇ ಕೊಕ್ಕರೆ, ನಿನ್ ಗದ್ದೆಗೆ!"

ನನಗೆ ಮೈಯೆಲ್ಲ ಉರಿದುಹೋಯಿತು. ಗಾಡಿಯ ಮೇಲೆ ಎದ್ದು ನಿಂತು ಆ ಕಡೆಗೆ ಬಾಯಿಗೆ ಬಂದದ್ದು ಬೈದೆ. ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಸೀಟಿ ಊದಿದರು, ಅರ್ಧ ಆಟ ಮುಗಿಯಿತು. ಅಷ್ಟರಲ್ಲಿ ದರ್ಜಿಯ ಗುಂಪಿನಿಂದ ಕೂಗು ಎದ್ದಿತು. "ಉಲಿ ಇಳೀಲಿ! ಉಲಿ ಇಳೀಲಿ!" ಬಯಲಿಗೆ ಬಯಲೇ ಅದನ್ನು ಕೂಗಿತು.

ಅರ್ಧ ಆಟದಲ್ಲಿ ಎರಡೂ ಕಡೆಯವರು ಒಪ್ಪಿದರೆ ಒಬ್ಬನ ಬದಲು ಇನ್ನೊಬ್ಬ ಇಳಿಯಬಹುದು ಅನ್ನುವುದು ನಮ್ಮ ಕಡೆ ನಡೆದುಬಂದ ಪದ್ಧತಿ. ಮೇಸ್ತ್ರಿ ಹೋಗಿ ಕೆ.ಆರ್. ನಗರದ ಕ್ಯಾಪ್ಟನ್ನನ್ನು ಕೇಳಿದರು. ಅವನು ನಮ್ಮವರ ಕೈಯ ಕೋಲು ನೋಡಿದ, ನಕ್ಕ, ತಲೆಯಾಡಿಸಿದ. ಕುಂಟ ಇಳಿದರೆ ಅವನಿಗೇನು ನಷ್ಟ? ನಮ್ಮವರು ಕೋಲು ಬಿಸಾಕಿದರು. ಪಂಚೆ ಬಿಚ್ಚಿದರು. ಜನ ಹೋ ಅಂತ ಅರಚಿದರು.

ಹುಡುಗ ಗೆರೆಯ ಹತ್ತಿರ ಕೂತು ಬೂಟು ಬಿಚ್ಚುತ್ತಿದ್ದ. ನಮ್ಮವರು ಬೂಟಿಲ್ಲದೆ ಒಂದು ಒದೆತವನ್ನೂ ಒದ್ದವರಲ್ಲ. ಅವರ ಆಟವೆಲ್ಲ ಆ ಗಟ್ಟಿ ತುದಿಯಲ್ಲಿತ್ತು. ಬರಿ ಬೆರಳಲ್ಲಿ ಹಾಗೆ ಹೊಡೆದರೆ ಮೊದಲ ಏಟಿಗೇ ಬೆರಳು ಮುರಿಯುತ್ತದೆ. ಹುಡುಗ ಬೂಟುಗಳನ್ನು ಒರೆಸಿ ಜೋಡಿಸಿ ಇಟ್ಟ. ತಲೆ ಎತ್ತಲಿಲ್ಲ. ಅವನ ಹಿಮ್ಮಡಿಯಿಂದ ರಕ್ತ ಸೋರುತ್ತಿತ್ತು.

ನಾನು ಯಾವಾಗ ಗಾಡಿಯಿಂದ ಇಳಿದೆ, ಹೇಗೆ ಇಳಿದೆ ನೆನಪಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರ ನಡುವೆ ದಾರಿ ಮಾಡಿಕೊಂಡು ಹೋದೆ. "ಎಂಗಸು ಕಣ್ರೋ, ದಾರಿ ಬುಡ್ರೋ" ಅಂದವರು ಕೆಲವರು, "ಏನಾಯ್ತವ್ವ, ನೋವು ಬಂತಾ?" ಅಂದವರು ಕೆಲವರು. ನಮ್ಮವರು ಬಗ್ಗಿ ಬೂಟಿಗೆ ಕೈ ಹಾಕುವ ಹೊತ್ತಿಗೆ ನಾನೇ ಎರಡನ್ನೂ ಎತ್ತಿಕೊಂಡೆ. ಯಾರಿಗೂ ಏನೆಂದು ತಿಳಿಯುವುದರೊಳಗೆ ತಿರುಗಿ ನಡೆದೆ. ಹೊಂಗೆಮರ ದಾಟಿದೆ. ದಡದ ಮೇಲೆ ನಿಂತು ಒಂದಾದ ಮೇಲೊಂದು ಮಡುವಿನೊಳಕ್ಕೆ ಬೀಸಿ ಎಸೆದೆ.

ಬಯಲು ಗಪ್‌ಚಿಪ್. ನೀರಿನ ಸದ್ದು ಎರಡು ಸಲ ಕೇಳಿಸಿತು.

"ಅಯ್ಯಯ್ಯೋ ಶಿವನೇ!" ಅಂದ ದರ್ಜಿ. ಅವನ ದನಿ ಮಾತ್ರ ಎಲ್ಲಿದ್ದರೂ ನನಗೆ ಗೊತ್ತಾಗುತ್ತದೆ.

ನಮ್ಮವರು ಕುಂಟುತ್ತಾ ಬಂದರು. ಮುಖ ಕೆಂಡವಾಗಿತ್ತು. ಕೈ ಎತ್ತುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡರು. ನಾನೂ ಅಂದುಕೊಂಡೆ. "ಉಚ್ಚು ಇಡೀತೇನೆ ನಿಂಗೆ?" ಅಂದರು. ದನಿ ಒಡೆದಿತ್ತು.

"ಊ, ಇಡೀತು," ಅಂದೆ. "ಈಗ ಬೂಟಿಲ್ಲ. ನಿಮ್ಮಿಬ್ರಲ್ಲಿ ಬೂಟಿಲ್ದೆ ಆಡೋನು ಒಬ್ನೇ ಇರಾದು. ಅವುನ್ನ ಬುಡಿ!" ಆಮೇಲೆ ಹುಡುಗನ ಕಡೆ ತಿರುಗಿ, ನಾಲ್ಕೂರಿನ ಜನ ಕೇಳುವ ಹಾಗೆ ಕೂಗಿದೆ. "ಏನ್ಲಾ ಕುಂತಿದೀಯ? ನನ್ ಮಡಕೆ ಒಡ್ದಂಗೆ ಒಡಿ ಓಗು!"

ಹುಡುಗ ನಮ್ಮವರ ಮುಖ ನೋಡಿದ. ನಮ್ಮವರು ಮಡುವಿನ ಕಡೆ ನೋಡಿದರು, ಮೇಸ್ತ್ರಿಯ ಕಡೆ ನೋಡಿದರು. ಕೊನೆಗೆ ತಲೆಯಾಡಿಸಿದರು. ಅಷ್ಟು ಸಾಕಾಯಿತು.

ಎರಡನೆಯ ಅರ್ಧವನ್ನು ನಾನು ಗಾಡಿಯಿಂದ ನೋಡಲಿಲ್ಲ. ಗೆರೆಯ ಹತ್ತಿರವೇ ನಿಂತೆ. ಯಾರೂ ಹೋಗು ಅನ್ನಲಿಲ್ಲ, ಧೈರ್ಯ ಯಾರಿಗಿತ್ತು? ಹುಡುಗನ ಕಾಲಿಗೆ ಮೊದಲ ಚೆಂಡು ಬಂದು, ಪುಟಿಯದೆ, ಬೆರಳುಗಳ ಮಧ್ಯೆ ನಿಂತಿತು ನೋಡಿ, ಆಗಲೇ ನನ್ನ ಹೊಟ್ಟೆ ತಣ್ಣಗಾಯಿತು. ಇಬ್ಬರನ್ನು ತಪ್ಪಿಸಿ ಓಡಿದ. ಅವನ ಊರಿನ ಕಡೆಯವರೇ ಅವನ ಕಾಲನ್ನು ಮೆಟ್ಟಿದರು. ಬಿದ್ದ, ಎದ್ದ. ಆಮೇಲೆ ಒಂದು ಚೆಂಡನ್ನು ಪಾದದ ಮೇಲ್ಭಾಗದಲ್ಲಿ ತಟ್ಟಿದ. ಎದುರಿಗಿದ್ದವನನ್ನು ಬಳಸಿಕೊಂಡು ಹೋಗಿ ಅದು ಗೋಲಿನ ಮೂಲೆಗೆ ಬಿತ್ತು. ಗೋಲಿ ಕಾಲೂರಿಕೊಂಡು ನಿಂತೇ ಇದ್ದ. ಬಯಲು ಎದ್ದು ಕುಣಿಯಿತು. ದರ್ಜಿ ತನ್ನ ರುಮಾಲು ಬಿಚ್ಚಿ ಗಾಳಿಗೆ ಎಸೆದು, "ನಮ್ ಕೊಕ್ಕರೆ! ನಾನೇಳಿರ್ಲಿಲ್ವಾ? ನಮ್ ಕೊಕ್ಕರೆ!" ಅಂತ ಹಾರಾಡಿದ. ಎಂಥ ಮನುಷ್ಯ!

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಚೆಂಡು ಮತ್ತೆ ಅವನಿಗೆ ಸಿಕ್ಕಿತು. ಮೂರು ಜನ ಸುತ್ತುವರಿದಿದ್ದರು. ನನ್ನ ಪಕ್ಕದಿಂದ ಸಿಡಿಲಿನಂಥ ಒಂದು ದನಿ ಬಂತು. "ಎಡಕ್ಕೆ ತಿರುಗ್ಲಾ! ಎಡಕ್ಕೆ! ಅಲ್ಲಿ ಖಾಲಿ ಐತೆ!" ನಮ್ಮವರು. ಚಡ್ಡಿಯಲ್ಲಿ, ಬರಿಗಾಲಲ್ಲಿ, ಗೆರೆಯ ಆಚೆ ನಿಂತು, ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಿದ್ದರು. ಹುಡುಗ ತಲೆ ಎತ್ತದೆ ಎಡಕ್ಕೆ ತಿರುಗಿದ. ಅಲ್ಲಿ ಖಾಲಿ ಇತ್ತು. ಎಡಗಾಲಲ್ಲಿ ಹೊಡೆದ. ಗೆದ್ದೆವು.

ಜನ ಹುಡುಗನನ್ನು ಹೆಗಲ ಮೇಲೆ ಹೊತ್ತುಕೊಂಡು ಊರ ಕಡೆ ಹೋದರು. ಷೀಲ್ಡು ಅವನ ತೊಡೆಯ ಮೇಲಿತ್ತು. ತಮಟೆ ಬಡಿದರು. ಬಯಲು ಬರಿದಾಯಿತು. ನಮ್ಮವರು ಪಂಚೆ ಉಟ್ಟುಕೊಂಡು ಮುಂದೆ ಮುಂದೆ, ನಾನು ಹಿಂದೆ ಹಿಂದೆ. ಗೆದ್ದ ಊರಿನ ಬೀದಿಯಲ್ಲಿ ನಾವಿಬ್ಬರೂ ಸೋತವರಂತೆ ನಡೆದೆವು.

ಮನೆಗೆ ಬಂದು ಜಗಲಿಯ ಮೇಲೆ ಕಂಬಕ್ಕೆ ಒರಗಿ ನಿಂತರು. ಒಳಗೆ ಬರಲಿಲ್ಲ. ನಾನು ನೀರು ತಂದು ಇಟ್ಟೆ, ಮುಟ್ಟಲಿಲ್ಲ.

"ಕಟ್ಟಕಡೇದು ಒಂದ್ ಆಟ ಕಣೆ," ಅಂದರು. "ಒಂದೇ ಒಂದು. ಜನ ಎಸ್ರು ಇಡ್ದು ಕೂಗ್ತಿದ್ರು, ಕೇಳ್ಸ್‌ಲಿಲ್ವಾ ನಿಂಗೆ? ಅಷ್ಟೂ ಸೈಸ್ಲಿಲ್ವಲ್ಲ."

ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅವರು ಅಳುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವರ ಅಪ್ಪ ಸತ್ತಾಗಲೂ ಕಂಡಿರಲಿಲ್ಲ. ಆದರೂ ತಪ್ಪಾಯಿತು ಅನ್ನಲಿಲ್ಲ. ತಪ್ಪಾಗಿರಲಿಲ್ಲ. ಇವತ್ತು ಕೇಳಿದರೂ ಅನ್ನುವುದಿಲ್ಲ.

"ಕೇಳ್ಸ್ತು," ಅಂದೆ. "ಅವ್ರು ಕೂಗ್ಬುಟ್ಟು ಮನೆಗೋಯ್ತಾರೆ. ನಿಮ್ ಜೊತೆ ಬಾಳ್ವೆ ಮಾಡೋಳು ನಾನು. ಆ ಕಾಲು ನಿಮ್ದೊಬ್ರುದೇ ಅನ್ಕಂಡಿದ್ರಾ?"

ಅಷ್ಟರಲ್ಲಿ ಬೀದಿಯ ಕೊನೆಯಿಂದ ತಮಟೆ ನಮ್ಮ ಮನೆಯ ಕಡೆಗೇ ಬಂತು. ಹುಡುಗ ಹೆಗಲಿನಿಂದ ಜಿಗಿದು ಬಂದು, ಅಷ್ಟು ಜನರೆದುರು, ನಮ್ಮವರ ಕಾಲಿಗೆ ಅಡ್ಡಬಿದ್ದ. ಷೀಲ್ಡನ್ನು ಅವರ ಪಾದದ ಹತ್ತಿರ ಇಟ್ಟ. ನಮ್ಮವರು ಮುಖ ಒರೆಸಿಕೊಂಡರು.

"ಏಳ್ಲಾ," ಅಂದರು. "ಎಡಗಾಲು ಇನ್ನೂ ಸುಮಾರು. ನಾಳಿಕೆ ಒತ್ತಾರೆಗೇ ಎದ್ದು ಬಾ, ಯೋಳ್ಕೊಡ್ತೀನಿ." ಆಮೇಲೆ ನನ್ನ ಕಡೆ ನೋಡದೆ, "ಇಬ್ರುಗೂ ಇಟ್ಟು ಆಕು," ಅಂದರು.

ಒಳಗೆ ಹೋಗಿ ಎರಡು ತಟ್ಟೆ ಇಟ್ಟೆ. ನಮ್ಮವರು ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಮೆಲ್ಲಗೆ ಬಲಗಾಲು ಮಡಚಿದರು. ಮಂಡಿ ತಿರುಚಿದ ಮೇಲೆ ಅದೇ ಮೊದಲ ಸಲ ಚಕ್ಕಲಮಕ್ಕಲ ಹಾಕಿ ನೆಲದ ಮೇಲೆ ಕೂತರು. ನಾನು ಮುದ್ದೆ ಬಡಿಸಿದೆ. ಹೊರಗೆ ಊರು ಷೀಲ್ಡ್ ಗೆದ್ದ ಖುಷಿಯಲ್ಲಿ ಕೂಗುತ್ತಲೇ ಇತ್ತು. ನಾನು ಅವರು ಕೂತದ್ದನ್ನು ನೋಡುತ್ತಾ ನಿಂತಿದ್ದೆ.